ಬಾನೆಟ್ಟಿನೊಳಗೇ ಕೂತು ರಿಪೇರಿ ಮಾಡುವ ಕಾರು

ಅಂಬಾಸಿಡರ್, ಫಿಯೆಟ್ ಅಂದರೆ ನಮ್ಮ ವಯಸ್ಸಿನವರಿಗೂ ಗೊತ್ತು. ಮೂರನೆಯದೊಂದಿತ್ತು, ಸ್ಟ್ಯಾಂಡರ್ಡ್ ಹೆರಾಲ್ಡ್. ಹೊಸಪೇಟೆಯ ನಮ್ಮ ದೊಡ್ಡಪ್ಪನ ಮನೆ ಅಂಗಳದಲ್ಲಿ ಅಂಥದ್ದೊಂದು, ಎರಡು ಬಾಗಿಲಿನದು, ಇನ್ನೂ ಇದೆ. ಓಡುತ್ತಲೂ ಇದೆ. ಅದನ್ನೇನು ಮಾಡಬೇಕು ಎಂಬ ಚರ್ಚೆ ಮನೆಯಲ್ಲಿ ಎದ್ದಿದ್ದರಿಂದ ಅದರ ಚರಿತ್ರೆ ಕೆದಕಿದೆ. ಕೆದಕಿದಷ್ಟೂ ಸ್ವಾರಸ್ಯ!

ಇಂಗ್ಲೆಂಡಿನ ಸ್ಟ್ಯಾಂಡರ್ಡ್-ಟ್ರಯಂಫ್ ಕಂಪನಿಗೆ ಬಾಡಿ ಮಾಡಿಕೊಡುತ್ತಿದ್ದ ಫಿಶರ್ ಅಂಡ್ ಲಡ್ಲೋ ಸಂಸ್ಥೆಯನ್ನು 1953ರಲ್ಲಿ ಪ್ರತಿಸ್ಪರ್ಧಿ ಬಿಎಂಸಿ ಕೊಂಡುಬಿಟ್ಟಿತು. ಇಡೀ ಬಾಡಿ ಒಟ್ಟಿಗೆ ಮಾಡಿಕೊಡುವವರು ಇಲ್ಲದಂತಾಯಿತು. ಸರಿ, ತುಂಡು ತುಂಡಾಗಿ ಬೇರೆ ಬೇರೆ ಕಡೆ ಮಾಡಿಸಿ, ಪ್ರತ್ಯೇಕ ಚಾಸಿಯ ಮೇಲೆ ಬೋಲ್ಟು ಹಾಕಿ ಕೂರಿಸೋಣ ಎಂದರು. ಇಟಲಿಯ ಮಿಕೆಲೊಟ್ಟಿ ರೂಪ ಕೊಟ್ಟ. 1959ರಲ್ಲಿ ಹೆರಾಲ್ಡ್ ಬಂತು. ಅದರ ಚಾಸಿಯನ್ನೇ ಗಿಡ್ಡ ಮಾಡಿ, ಎರಡು ಕಾರ್ಬ್ಯುರೇಟರ್ ಹಾಕಿ 1962ರಲ್ಲಿ ಬಿಟ್ಟದ್ದು ಸ್ಪಿಟ್‌ಫೈರ್ ಎಂಬ ಸ್ಪೋರ್ಟ್ಸ್ ಕಾರು.

ನಮ್ಮಲ್ಲಿ 1953ರಲ್ಲಿ ಸರ್ಕಾರ, ಇಲ್ಲೇ ತಯಾರಿಸುವ ಯೋಜನೆ ಇದ್ದವರಿಗೆ ಮಾತ್ರ ಅವಕಾಶ ಎಂದಿತು. ಫೋರ್ಡ್, ಜನರಲ್ ಮೋಟರ್ಸ್ ಗಂಟುಮೂಟೆ ಕಟ್ಟಿದವು. ಉಳಿದವರಲ್ಲಿ ಮದರಾಸಿನ ಸ್ಟ್ಯಾಂಡರ್ಡ್ ಮೋಟರ್ ಪ್ರಾಡಕ್ಟ್ಸ್ 1961ರಿಂದ 948 ಸಿಸಿಯ ಹೆರಾಲ್ಡ್ ಮಾಡತೊಡಗಿತು. ಸ್ಪಿಟ್‌ಫೈರ್ ಇಲ್ಲಿ ತಯಾರಾಗಲೇ ಇಲ್ಲ. ನಮ್ಮ ಪಾಲಿನ ಸ್ಪೋರ್ಟ್ಸ್ ಕಾರು ಇದೇ ಅನ್ನಿ.

ಇಂಗ್ಲೆಂಡಿನವರ ಆ ಪರದಾಟದ ಲಾಭ ಸಿಕ್ಕಿದ್ದು ಮನೆಯಲ್ಲೇ ಸರ್ವಿಸ್ ಮಾಡುವವರಿಗೆ. ಬಾನೆಟ್ಟು ಮಡ್ಗಾರ್ಡು ಸಮೇತ ಮುಂದಕ್ಕೆ ಮಗುಚುತ್ತದೆ. ಟೈರಿನ ಮೇಲೆ ಕೂತು, ಪಕ್ಕದಲ್ಲಿ ಚಹಾ ಇಟ್ಟುಕೊಂಡು ಕೆಲಸ ಮಾಡಬಹುದು. ಪಾಯಿಂಟಿನ ಗ್ಯಾಪು 0.015 ಇಂಚು, ವಾಲ್ವಿನದು 0.010. ಎಂಟು ವಾಲ್ವಿಗೆ ಒಂದು ಚೆಂದದ ಲೆಕ್ಕವಿದೆ: ಒಂದನೆಯದು ಪೂರ್ತಿ ತೆರೆದಾಗ ಎಂಟನೆಯದನ್ನು ಹೊಂದಿಸಬೇಕು, ಮೂರನೆಯದು ತೆರೆದಾಗ ಆರನೆಯದನ್ನು. ಕೂಡಿದರೆ ಯಾವಾಗಲೂ ಒಂಬತ್ತು. ಪ್ರೋಗ್ರಾಂ ಬರೆದು ಹೊಟ್ಟೆ ಹೊರೆಯುವ ನನಗೆ ಇದು ಬಹಳ ಹಿಡಿಸಿತು.

ಆದರೆ ಪ್ರಾಣಕ್ಕೆ ಸಂಬಂಧಿಸಿದ್ದು ಕೆಳಗಿದೆ. ಮುಂದಿನ ಚಕ್ರದ ಭಾರ ಹೊತ್ತ ಉಕ್ಕಿನ ಕಂಬದ ಥ್ರೆಡ್ಡು, ಟ್ರನಿಯನ್ ಎಂಬ ಕಂಚಿನ ತುಂಡಿನೊಳಗೆ ತಿರುಗುತ್ತದೆ. ಅದಕ್ಕೆ ಗ್ರೀಸ್ ಅಲ್ಲ, ಗೇರ್ ಆಯಿಲ್ ಹಾಕಬೇಕು. ಗ್ರೀಸ್ ಥ್ರೆಡ್ಡಿನ ಸಂದಿಗೆಲ್ಲ ಇಳಿಯುವುದಿಲ್ಲ. ನೀರು ಸೇರಿ, ಕಂಬ ಒಳಗೊಳಗೇ ತುಕ್ಕು ಹಿಡಿದು ಒಂದು ದಿನ ಮುರಿಯುತ್ತದೆ, ಚಕ್ರ ಮಡಚಿಕೊಳ್ಳುತ್ತದೆ. ಎಲ್ಲಕ್ಕೂ ಗ್ರೀಸ್ ಗನ್ ಹಿಡಿಯುವ ಗ್ಯಾರೇಜಿಗೆ ದೊಡ್ಡಪ್ಪ ಕಾರು ಕೊಡದಿರುವುದು ಇದಕ್ಕೇ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸುವವರೆಗೆ ಸಂಡೂರಿನ ರಸ್ತೆಯಲ್ಲಿ ಅದಿರು ಲಾರಿಗಳ ಕೆಂಪು ಧೂಳು ಹೇಗಿತ್ತೆಂದು ನೋಡಿದವರಿಗೇ ಗೊತ್ತು. ಆ ದಿನಗಳಲ್ಲಿ ಸಂಡೂರಿಗೆ ಹೋಗಿಬಂದಾಗಲೆಲ್ಲ ಟ್ರನಿಯನ್ನಿನಿಂದ ಹೊಸ ಎಣ್ಣೆ ಹೊರಗೆ ಇಣುಕುವವರೆಗೆ ತುಂಬಿ, ಏರ್ ಫಿಲ್ಟರ್ ಬಿಚ್ಚಿ ತೊಳೆಯುತ್ತಿದ್ದರಂತೆ.

ಈಗ ಚರ್ಚೆಗೆ ಬರೋಣ. 2021ರ ನಿಯಮದ ಪ್ರಕಾರ 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ಗಾಡಿಯನ್ನು 20,000 ರೂಪಾಯಿ ಕಟ್ಟಿ ವಿಂಟೇಜ್ ಎಂದು ನೋಂದಾಯಿಸಬಹುದು. ಹತ್ತು ವರ್ಷ ನಿಶ್ಚಿಂತೆ. ಅಣ್ಣನ ಪಟ್ಟು ಇದು. ಆದರೆ ಹಾಗೆ ನೋಂದಾಯಿಸಿದ ಗಾಡಿಯನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ಪೆಟ್ರೋಲ್ ಹಾಕಿಸುವುದು, ರಿಪೇರಿ, ಇಂಥದ್ದಕ್ಕಷ್ಟೇ. ಹಂಪಿಯ ಕಲ್ಲಿನ ರಥದ ಗಾಲಿಗೆ ಸಿಮೆಂಟು ಮೆತ್ತಿದ ಹಾಗೆ. "ಕಂಪ್ಲಿಗೆ ಹೋಗಿ ಅಕ್ಕಿ ತರಾಕಾಗದ ಕಾರು ನನಗ್ಯಾಕಪಾ?" ಅಂತಾರೆ ದೊಡ್ಡಪ್ಪ. ಮಾಮೂಲಿ ನೋಂದಣಿಯನ್ನೇ ನವೀಕರಿಸುತ್ತಾ ಹೋಗಬೇಕು ಎನ್ನುವುದು ಅವರ ವಾದ, ನನ್ನದೂ. ಓಡದೆ ನಿಂತರೆ ಆ ಎಣ್ಣೆ ಹಾಕುವ ಅಭ್ಯಾಸವೂ ನಿಲ್ಲುತ್ತದೆ. ಅಣ್ಣನನ್ನು ಒಪ್ಪಿಸಲು ಇನ್ನೂ ಆಗಿಲ್ಲ.

ಎಡಗಡೆಯ ಟ್ರನಿಯನ್ ಸವೆದಿದೆ. ನಿಮ್ಮೂರಿನಲ್ಲಿ ಯಾರ ಹಿತ್ತಲಲ್ಲಾದರೂ ಹೆರಾಲ್ಡ್ ಬಿದ್ದಿದ್ದರೆ ದಯವಿಟ್ಟು ತಿಳಿಸಿ.