ಪ್ಲೇಟ್‌ಲೆಟ್ ಸಂಗ್ರಹ: ಶಿಬಿರ ನಡೆಸುವವರು ತಿಳಿದಿರಬೇಕಾದ ಸಂಗತಿಗಳು

ರಕ್ತಸ್ರಾವ ತಡೆಯುವ ಸೂಕ್ಷ್ಮ ಕಣಗಳೇ ಪ್ಲೇಟ್‌ಲೆಟ್. ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರಿಗೆ, ಡೆಂಗ್ಯೂ ಉಲ್ಬಣಿಸಿ ರಕ್ತಸ್ರಾವವಾದವರಿಗೆ ಇವು ಬೇಕಾಗುತ್ತವೆ.

ಕೆಂಪು ರಕ್ತಕಣಗಳನ್ನು 2ರಿಂದ 6 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ 35 ದಿನ ಇಡಬಹುದು. ಪ್ಲೇಟ್‌ಲೆಟ್‌ಗೆ ಈ ತಂಪು ಆಗದು. ತಂಪಾದ ಕಣಗಳನ್ನು ರೋಗಿಯ ದೇಹ ಬೇಗನೆ ಹೊರಹಾಕುತ್ತದೆ. ಆದ್ದರಿಂದ ಇವನ್ನು 20ರಿಂದ 24 ಡಿಗ್ರಿಯಲ್ಲಿ, ಸದಾ ಮೆಲ್ಲಗೆ ಅಲುಗಾಡಿಸುವ ಯಂತ್ರದ ಮೇಲಿಡುತ್ತಾರೆ. ಅಲುಗಾಟ ನಿಂತರೆ ಕಣಗಳಿಗೆ ಆಮ್ಲಜನಕ ಸಾಲದೆ ಚೀಲದಲ್ಲಿ ಆಮ್ಲೀಯತೆ ಹೆಚ್ಚುತ್ತದೆ. ಈ ಉಷ್ಣತೆಯಲ್ಲಿ ಬ್ಯಾಕ್ಟೀರಿಯಾ ಬೆಳೆಯುವ ಭಯವೂ ಇರುವುದರಿಂದ ಬಾಳಿಕೆ ಸಾಮಾನ್ಯವಾಗಿ 5 ದಿನ ಮಾತ್ರ.

ಮಹಾವೀರ ಜಯಂತಿಗೆ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳಲ್ಲಿ ಶಿಬಿರ ಮಾಡುವವರು ಇದನ್ನು ಗಮನಿಸಬೇಕು. ಪ್ಲೇಟ್‌ಲೆಟ್ ತೆಗೆಯಬೇಕಾದ ರಕ್ತದ ಚೀಲವನ್ನು ಮಂಜುಗಡ್ಡೆಯಲ್ಲಿ ಇಡಬಾರದು. ಕೆಲವೇ ಗಂಟೆಗಳಲ್ಲಿ ಅದು ರಕ್ತ ವಿಭಜನೆಯ ಸೌಲಭ್ಯವಿರುವ ಕೇಂದ್ರ ತಲುಪಬೇಕು. ಬೆಳಗಾವಿಗೋ ಧಾರವಾಡಕ್ಕೋ ಕಳಿಸುವ ವಾಹನ, ಸಮಯವನ್ನು ರಕ್ತ ಕೇಂದ್ರದೊಂದಿಗೆ ಮೊದಲೇ ನಿಗದಿ ಮಾಡಿಕೊಳ್ಳಿ.

ದಾನಿಗಳು ಹಿಂದಿನ 3 ದಿನ ಆಸ್ಪಿರಿನ್ ಸೇವಿಸಿದ್ದರೆ ತಿಳಿಸಬೇಕು. ವೈದ್ಯರು ಕೊಟ್ಟ ಮಾತ್ರೆಯನ್ನು ತಾವಾಗಿ ನಿಲ್ಲಿಸಬಾರದು. ಉಪವಾಸದಲ್ಲಿರುವವರು ಪಾರಣೆಯ ನಂತರವೇ ದಾನ ಮಾಡಲಿ.

ಐದೇ ದಿನದ ಈ ವಸ್ತುವನ್ನು ಕೂಡಿಟ್ಟು ಕಾಯಲಾಗದು. ವರ್ಷಕ್ಕೊಂದು ದೊಡ್ಡ ಶಿಬಿರದ ಜೊತೆಗೆ, ಕರೆದಾಗ ಬರುವ ದಾನಿಗಳ ಪಟ್ಟಿ ಪ್ರತಿ ಊರಿನಲ್ಲಿಯೂ ಸಿದ್ಧವಿರಲಿ.