ಕಾಳಿಯ ಕಲ್ಲು, ಕರಿಯನ ಅಂಗಿ

ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಆತಕೂರಿನ ಕಲ್ಲನ್ನು ಮೊದಲ ಸಲ ಕಂಡಾಗ, ಶಾಸನದ ಅಕ್ಷರಗಳಿಗಿಂತ ಮುಂಚೆ ನನ್ನ ಕಣ್ಣು ಹೋದದ್ದು ಅದರ ಮೇಲುಭಾಗದ ಶಿಲ್ಪಕ್ಕೆ. ನಾಯಿಯೊಂದು ಹಂದಿಯ ಮೇಲೆ ಬಿದ್ದು ಸೆಣಸುತ್ತಿದೆ. ನಾಯಿಯದು ಬರಿಮೈ.

ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತ ಈ ಕಲ್ಲು ಶಕವರ್ಷ 872ರದು, ಎಂದರೆ ಕ್ರಿ. ಶ. 949-50. ರಾಷ್ಟ್ರಕೂಟ ಮೂರನೆಯ ಕೃಷ್ಣನು ತಕ್ಕೋಲದಲ್ಲಿ ಚೋಳ ರಾಜಾದಿತ್ಯನೊಡನೆ ಕಾದಿದಾಗ ಗಂಗರ ಬೂತುಗ ಅವನಿಗೆ ನೆರವಾದ. ಬೂತುಗನ ಕಡೆಯ ವೀರ ಮಣಲೇರನ ಪರಾಕ್ರಮಕ್ಕೆ ಒಡೆಯ ಮೆಚ್ಚಿ ಬೇಡಿದ್ದನ್ನು ಕೇಳೆಂದಾಗ, ಅವನು ಕೇಳಿದ್ದು ಕಾಳಿ ಎಂಬ ನಾಯಿಯನ್ನು! ಆ ಕಾಳಿಯನ್ನು ಬೆಳತೂರಿನ ಬೆಟ್ಟದಲ್ಲಿ ದೊಡ್ಡ ಹಂದಿಯೊಂದರ ಮೇಲೆ ಬಿಟ್ಟರು. ಹಂದಿಯೂ ನಾಯಿಯೂ ಒಟ್ಟಿಗೆ ಸತ್ತವು. ಚಲ್ಲೇಶ್ವರನ ಗುಡಿಯ ಮುಂದೆ ಕಲ್ಲು ನೆಟ್ಟು, ಅದರ ಪೂಜೆಗೆ ಭೂಮಿ ಬಿಟ್ಟರು. ಕಲ್ಲನ್ನು ಪೂಜಿಸದೆ ಉಣ್ಣುವ ಗೊರವನಿಗೆ ಆ ನಾಯಿಯ ಪಾಪ ತಟ್ಟಲಿ ಎಂದೂ ಬರೆಸಿದರು.

ಇಷ್ಟು ಪ್ರೀತಿಯ ನಾಯಿಗೆ ಒಂದು ಅಂಗಿ ತೊಡಿಸಿದ್ದರೆ? ಈ ಪ್ರಶ್ನೆ ನನ್ನಲ್ಲಿ ಹುಟ್ಟಿದ್ದಕ್ಕೆ ಕಾರಣವುಂಟು. ನಮ್ಮದು ಕೊರಟಗೆರೆ ಸೀಮೆ. ಬಂಡೆಗುಡ್ಡಗಳ ಪೊದೆಗಳಿಂದ ರಾತ್ರಿ ಹಂದಿಗಳು ಕಡಲೆಕಾಯಿ ಹೊಲಕ್ಕಿಳಿಯುತ್ತವೆ. ಹೊಲ ಕಾಯುತ್ತಿದ್ದ ನಮ್ಮ ಕರಿಯನ ಪಕ್ಕೆಯನ್ನು ಒಂದು ಹಂದಿ ಸೀಳಿತು. ಹೊಲಿಗೆ ಹಾಕಿಸಿ ಬದುಕಿಸಿಕೊಂಡ ಮೇಲೆ, ಊರಿನ ದರ್ಜಿಯೊಬ್ಬರಿಂದ ಗೋಣಿಯ ಅಂಗಿಯೊಂದನ್ನು ಹೊಲಿಸಿದೆ. ನನ್ನ ಬುದ್ಧಿವಂತಿಕೆಗೆ ನಾನೇ ಬೀಗಿದ್ದೆ.

ಎರಡೇ ದಿನದಲ್ಲಿ ಬಣ್ಣ ಬಯಲಾಯಿತು. ಅಂಗಿ ಬೆನ್ನನ್ನು ಮಾತ್ರ ಮುಚ್ಚುತ್ತಿತ್ತು. ಹಂದಿಯಾದರೋ ತಲೆ ತಗ್ಗಿಸಿ, ಕೋರೆಯಿಂದ ಕೆಳಗಿನಿಂದ ಮೇಲಕ್ಕೆ ಸೀಳುವ ಪ್ರಾಣಿ. ಕಾಪು ಬೇಕಾದದ್ದು ಕತ್ತಿಗೆ, ಎದೆಗೆ, ಪಕ್ಕೆಗೆ, ಹೊಟ್ಟೆಗೆ. ಮುಂಗಾಲಿನ ಸಂದಿಯಲ್ಲಿ ಗೋಣಿ ಉಜ್ಜಿ ಹುಣ್ಣಾಯಿತು. ಹೊಟ್ಟೆಯಡಿಯ ಗಂಟು ಮುಳ್ಳಿಗೆ ಸಿಕ್ಕಿ ಕರಿಯ ಬೆಳಗಿನವರೆಗೆ ಪೊದೆಯಲ್ಲೇ ನಿಂತಿದ್ದ. ಹಂದಿ ಆ ರಾತ್ರಿ ಬರಲಿಲ್ಲ; ಬಂದಿದ್ದರೆ ನನ್ನ ಅಂಗಿಯೇ ಅವನನ್ನು ಕೊಲ್ಲುತ್ತಿತ್ತು.

ದರ್ಜಿ ನಕ್ಕು, “ಅಳತೆ ತರದೆ ಬಟ್ಟೆ ತಂದಿರಿ” ಎಂದರು. ಆಮೇಲೆ ಕರಿಯನನ್ನೇ ಕರೆದೊಯ್ದೆ. ಕತ್ತಿನ ಬುಡ, ಮುಂಗಾಲ ಹಿಂದಿನ ಎದೆಯ ಸುತ್ತು, ಸೊಂಟ, ಕತ್ತಿನಿಂದ ಬಾಲದ ಬುಡದವರೆಗಿನ ಉದ್ದ, ಹೀಗೆ ಅಳತೆ ತೆಗೆದರು. ಬೇಟೆನಾಯಿಗೆ ಎದೆ ಆಳ, ಸೊಂಟ ಸಣ್ಣ. ಎರಡನ್ನೂ ಒಂದೇ ಅಳತೆಗೆ ಕತ್ತರಿಸಿದರೆ ಅಂಗಿ ಹಿಂದಕ್ಕೆ ಜಾರುತ್ತದೆ. ತೋಳಿನ ತೂತು ಅಗಲ, ಕಟ್ಟು ಬೆನ್ನಿನ ಮೇಲೆ, ಬಟ್ಟೆಗೂ ಮೈಗೂ ನಡುವೆ ಎರಡು ಬೆರಳು ಸಡಿಲ. ಹೊರಗೆ ಕ್ಯಾನ್‌ವಾಸು, ಒಳಗೆ ಹತ್ತಿಬಟ್ಟೆಯ ಪದರಗಳು. ನಾಯಿ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ, ಏದುಸಿರಿನಿಂದಲೇ ಕಾವನ್ನು ಕಳೆಯುತ್ತದೆ. ಆದ್ದರಿಂದ ಬೆಳಗಾದೊಡನೆ ಅಂಗಿ ಬಿಚ್ಚಲೇಬೇಕು.

ಇದು ಹೊಸ ವಿದ್ಯೆಯಲ್ಲ. 16-17ನೆಯ ಶತಮಾನದ ಜರ್ಮನಿಯಲ್ಲಿ ದೊರೆಗಳು ತಮ್ಮ ಒಳ್ಳೆಯ ಹಂದಿಬೇಟೆಯ ನಾಯಿಗಳಿಗೆ ದಪ್ಪ ಪದರದ ಅಂಗಿಗಳನ್ನು ಹೊಲಿಸುತ್ತಿದ್ದರು. ಇಂದು ಅಮೆರಿಕ, ಆಸ್ಟ್ರೇಲಿಯಗಳಲ್ಲಿ ಕೆವ್ಲಾರ್ ಎಂಬ ಗಟ್ಟಿ ನೂಲಿನ ಕವಚಗಳೂ ಉಂಟು. ನಮ್ಮಲ್ಲಿಯೂ ಕೈಗೆ ಬರದ ಕೆಲಸವೇನಲ್ಲ: 1520ರ ಸುಮಾರಿಗೆ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಪಯಸ್, ಅಲ್ಲಿನ ಯೋಧರು ಪದರ ಪದರವಾಗಿ ಹೊಲಿದ ಅಂಗಿಗಳನ್ನು ತೊಟ್ಟಿದ್ದರೆಂದು ಬರೆದಿದ್ದಾನೆ. ನಾಯಿಗೂ ಯಾರೋ ಹೊಲಿದಿರಬಹುದು. ಕಲ್ಲು ಉಳಿಯುತ್ತದೆ, ಬಟ್ಟೆ ಗೆದ್ದಲಿನ ಪಾಲು. ಚರಿತ್ರೆಯಲ್ಲಿ ಸಾವಿನ ಗೌರವ ಕಾಣುವಷ್ಟು ಬದುಕಿನ ಆರೈಕೆ ಕಾಣದಿರುವುದು ಇದರಿಂದಲೇ.

1972ರ ವನ್ಯಜೀವಿ ಕಾಯಿದೆಯಿಂದ ಬೇಟೆಯ ಕಾಲ ಮುಗಿಯಿತು. ಹೊಲ ಕಾಯುವ ನಾಯಿಯ ಕೆಲಸ ಮುಗಿಯಲಿಲ್ಲ. ಆ ವರ್ಷದ ಸುಗ್ಗಿಯಲ್ಲಿ ಒಂದು ಬೆಳಿಗ್ಗೆ ಕರಿಯನ ಹೊಸ ಅಂಗಿಯ ಎದೆಯ ಮೇಲೆ ಗೇಣುದ್ದದ ಸೀಳು ಕಂಡೆ. ನಡುಗುವ ಕೈಯಿಂದ ಬಿಚ್ಚಿ ನೋಡಿದರೆ ಒಳಗಿನ ಚರ್ಮಕ್ಕೆ ಗೀರೂ ಇರಲಿಲ್ಲ.

ಸತ್ತ ನಾಯಿಯ ಕಲ್ಲಿಗೆ ಪೂಜೆ ತಪ್ಪಿಸಿದವನಿಗೆ ಪಾಪವೆಂದು ಸಾವಿರ ವರ್ಷದ ಹಿಂದೆ ಬರೆಸಿದರು. ಬದುಕಿರುವ ನಾಯಿಯನ್ನು ಬರಿಮೈಯಲ್ಲಿ ಹಂದಿಯ ಮುಂದೆ ಬಿಟ್ಟವನಿಗೆ ಏನೆಂದು ಯಾರೂ ಬರೆಸಲಿಲ್ಲ. ನಾನೂ ಒಮ್ಮೆ ಹಾಗೆ ಬಿಟ್ಟವನೇ. ಕರಿಯ ಮುದಿಯಾಗಿ, ಜಗಲಿಯ ಬಿಸಿಲಿನಲ್ಲಿ ಮಲಗಿದ್ದಲ್ಲೇ ಸತ್ತ. ಅವನಿಗೆ ಕಲ್ಲು ನೆಡಲಿಲ್ಲ. ಅಂಗಿಯನ್ನು ಇಲಿಗಳು ತಿಂದು ಮುಗಿಸಿವೆ.