ಹೈದರಾಬಾದಿನ ಬೇಸಿಗೆ, ಹೊರದೇಶದ ಚಿತ್ರಗಳು

ಮೇ ತಿಂಗಳಲ್ಲಿ ಹೈದರಾಬಾದಿನ ಗೋಡೆಗಳು ಸಂಜೆ ಏಳರವರೆಗೂ ಬಿಸಿಲಿನ ಕಾವನ್ನು ಬಿಟ್ಟುಕೊಡುವುದಿಲ್ಲ. ವರ್ಗವಾಗಿ ಈ ಊರಿಗೆ ಬಂದ ಮೊದಲ ಬೇಸಿಗೆಯಲ್ಲಿ ನನ್ನ ಕುಟುಂಬ ಇನ್ನೂ ರಾಯಚೂರಿನಲ್ಲೇ ಇತ್ತು. ಕಚೇರಿ ಬಿಟ್ಟ ಮೇಲೆ ಬಾಡಿಗೆ ಕೋಣೆಗೆ ಹಿಂದಿರುಗಲು ಮನಸ್ಸಾಗುತ್ತಿರಲಿಲ್ಲ. ಇದನ್ನು ಗಮನಿಸಿದ ಹಿರಿಯ ಸಹೋದ್ಯೋಗಿಯೊಬ್ಬರು ಒಂದು ಸಂಜೆ ನನ್ನನ್ನು ಸಣ್ಣದೊಂದು ಚಿತ್ರಮಂದಿರಕ್ಕೆ ಕರೆದೊಯ್ದರು. ಅಲ್ಲಿ ವಾರವಿಡೀ, ದಿನಕ್ಕೊಂದರಂತೆ, ಬೇರೆ ಬೇರೆ ದೇಶಗಳ ಚಿತ್ರಗಳ ಪ್ರದರ್ಶನವಿತ್ತು. "ಏಸಿ ಚೆನ್ನಾಗಿದೆ, ಬನ್ನಿ" ಎಂಬುದಷ್ಟೇ ಅವರು ಕೊಟ್ಟ ಕಾರಣ. ಇಂಗ್ಲಿಷ್ ಎಂ.ಎ. ಮಾಡಿದ್ದ ನಾನು ಇಬ್ಸೆನ್, ಚೆಕಾಫರನ್ನು ಓದಿ ಪರೀಕ್ಷೆ ಬರೆದಿದ್ದೆ. ಆದರೆ ಕುರೊಸಾವಾನ ಒಂದು ಚಿತ್ರವನ್ನೂ ನೋಡಿರಲಿಲ್ಲ. ಅಂದು ಸೆಕೆಯಿಂದ ತಪ್ಪಿಸಿಕೊಳ್ಳಲು ಹೋದವನು ವಾರದ ಕೊನೆಯವರೆಗೂ ಹೋದೆ. ಇಂಥ ಪ್ರದರ್ಶನಗಳ ಹಿಂದೆ ಈ ನಗರದಲ್ಲಿ ದೀರ್ಘವಾದ ಚರಿತ್ರೆಯೊಂದಿದೆ ಎಂಬುದೂ, ಆ ಚರಿತ್ರೆಯಲ್ಲಿ ಕರ್ನಾಟಕದ ಪಾಲು ಸಣ್ಣದಲ್ಲ ಎಂಬುದೂ ನನಗೆ ತಿಳಿದದ್ದು ಆಮೇಲೆ.

ನಮ್ಮ ದೇಶದಲ್ಲಿ ಚಿತ್ರಸಮಾಜಗಳ ಕತೆ ಹೇಳುವವರು ಸಾಮಾನ್ಯವಾಗಿ 1947ರ ಕಲ್ಕತ್ತೆಯಿಂದ ಆರಂಭಿಸುತ್ತಾರೆ. ಸ್ವಾತಂತ್ರ್ಯ ಬಂದ ವರ್ಷವೇ ಸತ್ಯಜಿತ್ ರಾಯ್, ಚಿದಾನಂದ ದಾಸ್‌ಗುಪ್ತ ಮೊದಲಾದವರು ಸೇರಿ ಕಲ್ಕತ್ತಾ ಫಿಲಂ ಸೊಸೈಟಿಯನ್ನು ಕಟ್ಟಿದರು. 1952ರಲ್ಲಿ ಭಾರತದ ಮೊದಲ ಅಂತರರಾಷ್ಟ್ರೀಯ ಚಲನಚಿತ್ರೋತ್ಸವ ಮುಂಬಯಿಯಲ್ಲಿ ಆರಂಭವಾಗಿ ಮದರಾಸು, ದೆಹಲಿ, ಕಲ್ಕತ್ತೆಗಳಿಗೂ ಹೋಯಿತು. ಡಿ ಸಿಕಾನ 'ಬೈಸಿಕಲ್ ಥೀವ್ಸ್' ಚಿತ್ರವನ್ನು ನಮ್ಮ ನಿರ್ದೇಶಕರು, ಪ್ರೇಕ್ಷಕರು ಗುಂಪಾಗಿ ಕುಳಿತು ನೋಡಿದ್ದು ಆಗಲೇ. ಸ್ಟುಡಿಯೊದ ಬಣ್ಣದ ಗೋಡೆಗಳಿಲ್ಲದೆ, ಬೀದಿಯಲ್ಲಿಯೇ, ನಟರಲ್ಲದವರನ್ನು ಇಟ್ಟುಕೊಂಡು ಚಿತ್ರ ಮಾಡಬಹುದೆಂಬ ಧೈರ್ಯ ಅನೇಕರಿಗೆ ಬಂತು. 1959ರಲ್ಲಿ ಇಂಥ ಸಮಾಜಗಳೆಲ್ಲ ಸೇರಿ ಒಕ್ಕೂಟವೊಂದನ್ನು ರಚಿಸಿಕೊಂಡವು. ಸತ್ಯಜಿತ್ ರಾಯ್ ಅದರ ಅಧ್ಯಕ್ಷರಾದರು.

ಹೈದರಾಬಾದಿನ ಕತೆಗೆ ಬೇರೊಂದು ಆರಂಭವಿದೆ. ಅದು ಸಿಕಂದರಾಬಾದಿನ ದಂಡುಪ್ರದೇಶವಾದ ತಿರುಮಲಗಿರಿಯಲ್ಲಿ, ಛಾಯಾಗ್ರಾಹಕರೊಬ್ಬರ ಮನೆಯಲ್ಲಿ ಮೊದಲಾಗುತ್ತದೆ. ಆ ಛಾಯಾಗ್ರಾಹಕರು ಶ್ರೀಧರ ಬೆನಗಲ್. ಕರ್ನಾಟಕ ಮೂಲದ, ಕೊಂಕಣಿ ಮನೆಮಾತಿನ ಚಿತ್ರಾಪುರ ಸಾರಸ್ವತ ಕುಟುಂಬ ಅವರದು. ಅವರ ಮಗ ಶ್ಯಾಮ್ ಬೆನಗಲ್ ಹುಟ್ಟಿದ್ದು 1934ರ ಡಿಸೆಂಬರ್ 14ರಂದು. ಸೈನಿಕರಿಗಾಗಿ ಇದ್ದ ಗ್ಯಾರಿಸನ್ ಚಿತ್ರಮಂದಿರದಲ್ಲಿ ಪ್ರೊಜೆಕ್ಟರ್ ನಡೆಸುವವನ ಸ್ನೇಹ ಗಳಿಸಿ ಬಾಲಕ ಚಿತ್ರ ನೋಡುತ್ತಿದ್ದನಂತೆ. ಹನ್ನೆರಡನೆಯ ವಯಸ್ಸಿನಲ್ಲಿ ತಂದೆ ಕೊಟ್ಟ ಕ್ಯಾಮರಾದಿಂದ ತನ್ನ ಮೊದಲ ಚಿತ್ರವನ್ನೂ ತೆಗೆದ. ಬೆಂಗಳೂರಿನಲ್ಲಿ ಹುಟ್ಟಿದ ಗುರುದತ್ ಈ ಕುಟುಂಬಕ್ಕೆ ಹತ್ತಿರದ ನೆಂಟರು.

1950ರ ದಶಕದಲ್ಲಿ, ಅರ್ಥಶಾಸ್ತ್ರ ಓದುತ್ತಿದ್ದ ದಿನಗಳಲ್ಲಿ, ಶ್ಯಾಮ್ ಬೆನಗಲ್ ಹೈದರಾಬಾದ್ ಫಿಲಂ ಸೊಸೈಟಿಯನ್ನು ಸ್ಥಾಪಿಸಿದರು. ಆ ಹೈದರಾಬಾದು ಇಂದಿನ ನಮ್ಮ ಹೈದರಾಬಾದಲ್ಲ. 1956ರ ನವೆಂಬರ್ 1ರವರೆಗೆ ಬೀದರ, ಕಲಬುರಗಿ, ರಾಯಚೂರು ಜಿಲ್ಲೆಗಳಿಗೂ ಅದೇ ರಾಜಧಾನಿ. ನನ್ನ ತಾತ ಕೋರ್ಟಿನ ಕೆಲಸಕ್ಕೆ ಇಲ್ಲಿಗೆ ಬರುತ್ತಿದ್ದಾಗ 'ಹೊರನಾಡಿಗೆ ಹೋಗುತ್ತೇನೆ' ಎಂದುಕೊಂಡಿರಲಾರರು. ಉರ್ದು, ತೆಲುಗು, ಮರಾಠಿ, ಕನ್ನಡ ಒಟ್ಟಿಗೆ ಬದುಕುತ್ತಿದ್ದ ಊರಿನಲ್ಲಿ ಪರಭಾಷೆಯ ಮಾತನ್ನು ಕಿವಿಗೊಟ್ಟು ಕೇಳುವುದು ದಿನನಿತ್ಯದ ಅಭ್ಯಾಸವಾಗಿತ್ತು. ಅರಿಯದ ಭಾಷೆಯ ಚಿತ್ರವನ್ನು ಅಡಿಬರಹದ ಊರುಗೋಲು ಹಿಡಿದು ನೋಡುವ ತಾಳ್ಮೆಗೆ ಇಂಥ ಊರು ಒಳ್ಳೆಯ ನೆಲವೆಂದೇ ನನಗೆ ತೋರುತ್ತದೆ.

ಬೆನಗಲ್ ಮುಂಬಯಿಗೆ ಹೋಗಿ ಜಾಹೀರಾತು ಚಿತ್ರಗಳಲ್ಲಿ ದುಡಿದು, 1974ರಲ್ಲಿ 'ಅಂಕುರ್' ಮಾಡಲು ಮರಳಿ ಬಂದದ್ದು ಈ ಸೀಮೆಗೇ. ಅದರ ಮಾತು ದಖನಿ. ಅದರ ಜಮೀನ್ದಾರ ತೆಲಂಗಾಣದವನು. ಆ ಜಮೀನ್ದಾರನ ಮಗನ ಪಾತ್ರ ವಹಿಸಿದವರು ನಮ್ಮ ಅನಂತನಾಗ್. ಚಿತ್ರ ಅದೇ ವರ್ಷ ಬರ್ಲಿನ್ ಚಿತ್ರೋತ್ಸವದ ಸ್ಪರ್ಧೆಗೆ ಹೋಯಿತು. ಹೊರದೇಶದ ಚಿತ್ರಗಳನ್ನು ಈ ಊರಿಗೆ ತರಿಸಿ ತೋರಿಸಿದ್ದವನು, ಇಪ್ಪತ್ತು ವರ್ಷಗಳೊಳಗೆ ಈ ಊರಿನ ಕತೆಯನ್ನು ಹೊರದೇಶಕ್ಕೆ ಕಳಿಸಿದನೆಂದಾಯಿತು.

ಅದೇ 1974ರಲ್ಲಿ ಹೈದರಾಬಾದ್ ಫಿಲಂ ಕ್ಲಬ್ ಆರಂಭವಾಯಿತು. ಅಮೀರ್‌ಪೇಟೆಯ ಸಾರಥಿ ಸ್ಟುಡಿಯೊದಲ್ಲಿರುವ ಪುಟ್ಟ ಪ್ರಿವ್ಯೂ ಥಿಯೇಟರು ಅದರ ಪ್ರದರ್ಶನಗಳಿಗೆ ಬಹುಕಾಲ ಆಸರೆಯಾಯಿತು. ತೆಲುಗು ಚಿತ್ರರಂಗದ ಕಾರ್ಖಾನೆಯ ಅಂಗಳದಲ್ಲೇ ಪೋಲೆಂಡಿನ, ಹಂಗೆರಿಯ, ಜಪಾನಿನ ಚಿತ್ರಗಳು ಓಡಿದವು. 1986ರಲ್ಲಿ 'ಫಿಲ್ಮೋತ್ಸವ್' ಹೈದರಾಬಾದಿಗೆ ಬಂತು. 1990ರ ದಶಕದ ನಡುವಿನಿಂದ ಅಂತರರಾಷ್ಟ್ರೀಯ ಮಕ್ಕಳ ಚಿತ್ರೋತ್ಸವಕ್ಕೂ ಇದೇ ನೆಲೆಯಾಯಿತು.

ಈ ಪ್ರದರ್ಶನಗಳು ನಡೆಯುತ್ತಿದ್ದ ರೀತಿಯನ್ನು ಇಂದಿನ ಹುಡುಗರಿಗೆ ವಿವರಿಸಿ ಹೇಳಬೇಕಾಗುತ್ತದೆ. ಚಿತ್ರಸಮಾಜ ಟಿಕೆಟು ಮಾರುವಂತಿರಲಿಲ್ಲ. ಚಂದಾ ಕೊಟ್ಟ ಸದಸ್ಯರಿಗೆ ಮಾತ್ರ ಪ್ರವೇಶ. ಈ ಷರತ್ತಿನ ಮೇಲೆ ಕೇಂದ್ರ ಸರ್ಕಾರವು ಅವುಗಳಿಗೆ ಸೆನ್ಸಾರ್ ಪ್ರಮಾಣಪತ್ರದಿಂದ ವಿನಾಯಿತಿ ನೀಡುತ್ತಿತ್ತು. ಸರ್ಕಾರಿ ನೌಕರನಾದ ನನಗೆ ವಿನಾಯಿತಿಯ ಆದೇಶಗಳ ಭಾಷೆ ಚೆನ್ನಾಗಿ ಪರಿಚಿತ; ಅಂಥದೊಂದು ಒಣ ಆದೇಶದ ನೆರಳಿನಲ್ಲಿ ಇಷ್ಟು ಹಸಿರು ಬೆಳೆದದ್ದು ಕಂಡಾಗ ನನ್ನ ವೃತ್ತಿಯ ಬಗ್ಗೆ ಕೊಂಚ ಸಮಾಧಾನವಾಗುತ್ತದೆ. ಚಿತ್ರಗಳು ಬರುತ್ತಿದ್ದುದು ವಿದೇಶಿ ರಾಯಭಾರ ಕಚೇರಿಗಳಿಂದ, ಒಕ್ಕೂಟದಿಂದ, 1964ರಲ್ಲಿ ಪುಣೆಯಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದಿಂದ. ತಗಡಿನ ಪೆಟ್ಟಿಗೆಗಳಲ್ಲಿ ರೀಲುಗಳು ಊರಿಂದೂರಿಗೆ ಹೋಗಬೇಕು. ಹಿಂದಿನ ಊರಿನವರು ಕಳಿಸುವುದು ತಡವಾದರೆ ಇಲ್ಲಿ ಪರದೆ ಖಾಲಿ. ಒಂದು ವಾರದ ಚಿತ್ರಮಾಲೆಯೆಂದರೆ ಅದರ ಹಿಂದೆ ಸಂಬಳವಿಲ್ಲದೆ ದುಡಿದ ಬ್ಯಾಂಕು ನೌಕರರು, ಅಧ್ಯಾಪಕರು, ಗುಮಾಸ್ತರು ಬರೆದ ಹತ್ತಾರು ಪತ್ರಗಳಿರುತ್ತಿದ್ದವು.

ಕರ್ನಾಟಕದಲ್ಲೂ ಇದೇ ಕಾಲಕ್ಕೆ ಇದೇ ಗಾಳಿ ಬೀಸಿತ್ತು. 1970ರಲ್ಲಿ 'ಸಂಸ್ಕಾರ' ಬಂತು. ಅದರ ನಿರ್ದೇಶಕ ಪಟ್ಟಾಭಿರಾಮ ರೆಡ್ಡಿ ತೆಲುಗಿನ ಕವಿ. ಛಾಯಾಗ್ರಾಹಕ ಟಾಮ್ ಕೋವನ್ ಆಸ್ಟ್ರೇಲಿಯಾದವರು. ಕನ್ನಡದ ಹೊಸ ಅಲೆ ಹುಟ್ಟುವಾಗಲೇ ಅದರ ಮನೆಯಲ್ಲಿ ಹೊರಗಿನವರಿದ್ದರು. 1971ರಲ್ಲಿ ಬೆಂಗಳೂರಿನಲ್ಲಿ 'ಸುಚಿತ್ರಾ' ಆರಂಭವಾಯಿತು. 1973ರಲ್ಲಿ ಕೆ. ವಿ. ಸುಬ್ಬಣ್ಣನವರು ಹೆಗ್ಗೋಡಿನಲ್ಲಿ ನೀನಾಸಂ ಚಿತ್ರಸಮಾಜವನ್ನು ಕಟ್ಟಿ, ಅಡಿಕೆ ತೋಟಗಳ ನಡುವಿನ ಹಳ್ಳಿಗರಿಗೆ ಜಗತ್ತಿನ ಶ್ರೇಷ್ಠ ಚಿತ್ರಗಳನ್ನು ತೋರಿಸಿದರು. ಇಂಥ ಚಿತ್ರ ನಗರದವರಿಗೆ ಮಾತ್ರ ಅರ್ಥವಾಗುತ್ತದೆಂಬ ನಂಬಿಕೆಗೆ ಹೆಗ್ಗೋಡಿಗಿಂತ ಗಟ್ಟಿಯಾದ ಉತ್ತರ ಬೇರೊಂದಿಲ್ಲ.

ಹೈದರಾಬಾದಿಗೂ ಕನ್ನಡ ಚಿತ್ರಕ್ಕೂ ಇನ್ನೊಂದು ನಂಟಿದೆ. ಮಣಿಪಾಲದಲ್ಲಿ ಫಾರ್ಮಸಿ ಓದಿದ ತರುಣನೊಬ್ಬ ತರಬೇತಿಗೆಂದು ಈ ನಗರಕ್ಕೆ ಬಂದ. ಔಷಧದ ವೃತ್ತಿ ಹಾಗೂ ಚಿತ್ರದ ಹುಚ್ಚು ಎರಡನ್ನೂ ಒಟ್ಟಿಗೆ ನಿಭಾಯಿಸಲಾಗದೆ ಮೊದಲನೆಯದನ್ನು ಕೈಬಿಟ್ಟು ಪುಣೆಯ ಚಲನಚಿತ್ರ ಸಂಸ್ಥೆಗೆ ಸೇರಿದ. ಆತ ಗಿರೀಶ ಕಾಸರವಳ್ಳಿ. 1977ರ ಅವರ 'ಘಟಶ್ರಾದ್ಧ' ಸ್ವರ್ಣಕಮಲ ಪಡೆಯಿತು.

ನನ್ನ ಆ ಮೊದಲ ಬೇಸಿಗೆಯ ಚಿತ್ರಮಾಲೆಯ ಕೊನೆಯ ದಿನ, ಹೊರದೇಶದ ಚಿತ್ರಗಳೆಲ್ಲ ಮುಗಿದ ಮೇಲೆ, ತೋರಿಸಿದ್ದು ಈ 'ಘಟಶ್ರಾದ್ಧ'ವನ್ನೇ. ರಾಯಚೂರಿನ ಯಾವ ಟಾಕೀಸಿನಲ್ಲೂ ನಾನು ಅದನ್ನು ನೋಡಿರಲಿಲ್ಲ. ನನ್ನದೇ ಭಾಷೆಯ ಚಿತ್ರವನ್ನು, ಮುವ್ವತ್ತು ದಾಟಿದ ಮೇಲೆ, ಪರವೂರಿನಲ್ಲಿ, ಇಂಗ್ಲಿಷ್ ಅಡಿಬರಹದೊಡನೆ ಮೊದಲ ಬಾರಿ ನೋಡಿದೆ. ಸ್ವಲ್ಪ ಹೊತ್ತು ಕಣ್ಣು ತಾನಾಗಿ ಕೆಳಗಿನ ಸಾಲುಗಳಿಗೇ ಹೋಗುತ್ತಿತ್ತು. ವಾರವಿಡೀ ಓದಿದ ಅಭ್ಯಾಸ. ಆಮೇಲೆ ಓದುವುದನ್ನು ಬಿಟ್ಟು ಕೇಳತೊಡಗಿದೆ. ತಲೆ ಬೋಳಿಸಿಕೊಂಡ ಯಮುನಕ್ಕ ಮರದಡಿ ಒಬ್ಬಳೇ ಕುಳಿತ ಕೊನೆಯ ದೃಶ್ಯ ಮುಗಿದು ದೀಪ ಹತ್ತಿದಾಗ ಪಕ್ಕದ ಕುರ್ಚಿಯಲ್ಲಿದ್ದ ವೃದ್ಧರೊಬ್ಬರು ಉರ್ದುವಿನಲ್ಲಿ ಕೇಳಿದರು: "ಬದುಕಿರುವವಳಿಗೆ ಶ್ರಾದ್ಧ ಮಾಡುವುದು ನಿಮ್ಮ ಕಡೆ ನಿಜವಾಗಿಯೂ ಇತ್ತೇ?" ಇತ್ತು ಎಂದೆ. "ಎಲ್ಲಿಯವರೆಗೆ?" ಎಂದರು. ನನ್ನಲ್ಲಿ ಉತ್ತರವಿರಲಿಲ್ಲ. ಆ ವಾರ ಜಪಾನಿನ ತಾಯಿಯ ಬಗ್ಗೆ, ಇಟಲಿಯ ನಿರುದ್ಯೋಗಿಯ ಬಗ್ಗೆ ನಾನು ಬಹಳ ಮಾತಾಡಿದ್ದೆ. ನಮ್ಮ ಮನೆಯ ಯಮುನೆಯರ ಬಗ್ಗೆ, ಅಜ್ಜಿಯ ಜೊತೆ ನಡುಮನೆಯ ಕತ್ತಲಲ್ಲೇ ಬದುಕು ಸವೆಸಿದ, ಕೆಂಪು ಸೀರೆಯ ಆ ಹಿರಿಯ ಬಂಧುವಿನ ಬಗ್ಗೆ ಒಮ್ಮೆಯೂ ಯಾರನ್ನೂ ಕೇಳಿರಲಿಲ್ಲ.

ಆ ರಾತ್ರಿ ಊರಿಗೆ ಫೋನು ಮಾಡಿ ಅಮ್ಮನನ್ನು ಕೇಳಿದೆ. ಅಮ್ಮ ಮೊದಲು ಸುಮ್ಮನಾದಳು. ಆಮೇಲೆ ಅರ್ಧ ಗಂಟೆ ಮಾತಾಡಿದಳು. ಆ ಹಿರಿಯಳ ಹೆಸರು ನನಗೆ ತಿಳಿದದ್ದು ಅಂದೇ. ಅಲ್ಲಿಯವರೆಗೆ ಅವರು ನನಗೆ ಬರಿಯ 'ದೊಡ್ಡಮ್ಮ'.

ಈಗ ಜಗತ್ತಿನ ಚಿತ್ರಗಳೆಲ್ಲ ಅಂಗೈಯಲ್ಲಿವೆ. ಪತ್ರ ಬರೆದು ರೀಲು ತರಿಸುವ ಕಷ್ಟವಿಲ್ಲ. ಸಿಕಂದರಾಬಾದಿನ 'ಸಂಗೀತ್'ನಂತಹ ಚಿತ್ರಮಂದಿರಗಳು ನೆಲಸಮವಾಗಿವೆ. ನನ್ನನ್ನು ಕರೆದೊಯ್ದ ಸಹೋದ್ಯೋಗಿ ನಿವೃತ್ತರಾಗಿದ್ದಾರೆ. ಶ್ಯಾಮ್ ಬೆನಗಲ್ 2024ರ ಡಿಸೆಂಬರ್ 23ರಂದು ತೀರಿಕೊಂಡರು. ಅದೇ ವರ್ಷ ಅವರ 'ಮಂಥನ್' ದುರಸ್ತಿಗೊಂಡು ಕಾನ್‌ನಲ್ಲೂ, 'ಘಟಶ್ರಾದ್ಧ' ವೆನಿಸ್‌ನಲ್ಲೂ ಮತ್ತೆ ಪರದೆಯ ಮೇಲೆ ಬಂದವು. ಹಳೆಯ ಚಿತ್ರಗಳಿಗೆ ಮರುಜೀವ ಬರುತ್ತಿದೆ. ಅವನ್ನು ಒಟ್ಟಿಗೆ ಕುಳಿತು ನೋಡುವ ಕೋಣೆಗಳಿಗೆ ಅದು ಇನ್ನೂ ಬರಬೇಕಾಗಿದೆ.

ಒಬ್ಬನೇ ಫೋನಿನಲ್ಲಿ ನೋಡಿದ್ದರೂ 'ಘಟಶ್ರಾದ್ಧ' ನನ್ನ ಕಣ್ಣು ತೇವಗೊಳಿಸುತ್ತಿತ್ತು. ಆದರೆ ಪಕ್ಕದವರು ಆ ಪ್ರಶ್ನೆ ಕೇಳುತ್ತಿರಲಿಲ್ಲ, ನಾನು ಅಮ್ಮನಿಗೆ ಫೋನು ಮಾಡುತ್ತಿರಲಿಲ್ಲ. ಹೊರನಾಡಿನಲ್ಲಿರುವ ನಮ್ಮ ಸಂಘಗಳು ರಾಜ್ಯೋತ್ಸವಕ್ಕೆ, ಯುಗಾದಿಗೆ ಸಭಾಂಗಣ ಹಿಡಿಯುತ್ತೇವೆ. ಬೇಸಿಗೆ ರಜೆಯಲ್ಲಿ ನಾಲ್ಕು ಸಂಜೆ ಅದೇ ಸಭಾಂಗಣದಲ್ಲಿ ಪರದೆ ಕಟ್ಟಿ ಮೂರು ಹೊರದೇಶದ ಚಿತ್ರಗಳನ್ನೂ, ಅವುಗಳ ಜೊತೆಗೆ ಒಂದು ಕನ್ನಡ ಚಿತ್ರವನ್ನೂ ತೋರಿಸಬಹುದು. ನೆರೆಮನೆಯ ತೆಲುಗರನ್ನೂ ಉರ್ದು ಮಾತಿನವರನ್ನೂ ಕರೆಯೋಣ. ಅವರು ಕೇಳುವ ಪ್ರಶ್ನೆಗಳಿಗೆ ನಮ್ಮಲ್ಲಿ ಉತ್ತರವಿಲ್ಲದಿದ್ದರೆ ಊರಿಗೊಂದು ಫೋನು ಮಾಡಿದರಾಯಿತು; ಉತ್ತರ ಬಲ್ಲವರು ಇನ್ನೂ ಕೆಲವರು ಅಲ್ಲಿ ಉಳಿದಿದ್ದಾರೆ.